ಪುಟ್ಟಿ ಯಾವಾಗ ಬರ್ತಾಳೆ

ಆ ಬೇಸಿಗೆಯಲ್ಲಿ ಅಣ್ಣನಿಗೆ ಐವತ್ತಾರು ವರ್ಷ, ನನಗೆ ಐವತ್ತೊಂದು. ಹುಟ್ಟಿದಾಗ ಅವನು ಅಳಲಿಲ್ಲವಂತೆ. ಉಸಿರು ಬರುವುದು ತಡವಾಯಿತು, ಹಾಗಾಗಿ ಬುದ್ಧಿ ಐದಾರು ವರ್ಷದ ಮಗುವಿನಷ್ಟಕ್ಕೇ ನಿಂತುಬಿಡುತ್ತದೆ ಎಂದು ಡಾಕ್ಟರು ಆಗಲೇ ಹೇಳಿದ್ದರಂತೆ. ಅಪ್ಪ ಹೋದ ಮೇಲೆ ಅಮ್ಮ ಅವನನ್ನು ನೋಡಿಕೊಂಡಳು. ಅಮ್ಮ ಹೋದ ಮೇಲೆ ನಾನು. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ನನಗೆ ಮದುವೆಯಾಗಿರಲಿಲ್ಲ, ಅವನ ಜೊತೆ ಅದೇ ಮನೆಯಲ್ಲಿದ್ದೆ, ಅಷ್ಟೇ.

ಮನೆ ಪದ್ಮನಾಭನಗರದಲ್ಲಿ. ಮುಂದಿನ ಕೋಣೆಯಲ್ಲಿ ನಾನು ಹೈಸ್ಕೂಲ್ ಮಕ್ಕಳಿಗೆ ಮ್ಯಾಥ್ಸ್ ಟ್ಯೂಷನ್ ಹೇಳುತ್ತೇನೆ. ಅಣ್ಣನಿಗೂ ಅದರಲ್ಲಿ ಕೆಲಸವಿತ್ತು. ಸಂಜೆ ನಾಲ್ಕೂವರೆಗೆ ಚಾಪೆ ಹಾಸುವುದು, ಮಕ್ಕಳು ಒಳಗೆ ಬಂದ ಮೇಲೆ ಹೊರಗೆ ಬಿದ್ದಿರುವ ಚಪ್ಪಲಿಗಳನ್ನು ಜೋಡಿ ಮಾಡಿ ಸಾಲಾಗಿ ಇಡುವುದು. ಯಾರ ಚಪ್ಪಲಿ ಯಾವುದು ಎಂದು ಅವನಿಗೆ ಗೊತ್ತಿತ್ತು. ಯಾವುದಾದರೂ ಹುಡುಗಿ ಹೊಸ ಚಪ್ಪಲಿ ಹಾಕಿಕೊಂಡು ಬಂದರೆ ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ. ನನ್ನನ್ನು ಅವನು ಪುಟ್ಟಿ ಅಂತ ಕರೆಯುತ್ತಿದ್ದ. ಅಮ್ಮ ಕರೆಯುತ್ತಿದ್ದದ್ದೂ ಹಾಗೆಯೇ. ಅಮ್ಮ ಹೋದ ಮೇಲೆ ನನ್ನನ್ನು ಹಾಗೆ ಕರೆಯುವವನು ಅವನೊಬ್ಬನೇ ಉಳಿದಿದ್ದ.

ಕಾರಿನಲ್ಲಿ ಹಿಮಾಚಲಕ್ಕೆ ಹೋಗೋಣ ಎಂದು ಶುರು ಮಾಡಿದ್ದು ನನ್ನ ಇಬ್ಬರು ಗೆಳತಿಯರು. ಕಾಲೇಜಿನ ದಿನಗಳಿಂದ ಜೊತೆಗಿದ್ದವರು. ಒಬ್ಬಳು ಬ್ಯಾಂಕಿನ ಕೆಲಸದಿಂದ ಸ್ವಯಂನಿವೃತ್ತಿ ತೆಗೆದುಕೊಂಡು ದೊಡ್ಡ ಕಾರು ಕೊಂಡಿದ್ದಳು. ಮೂವರಿಗೂ ಡ್ರೈವಿಂಗ್ ಬರುತ್ತಿತ್ತು, ಸರದಿ ಮೇಲೆ ಓಡಿಸಿದರಾಯಿತು ಎಂದರು. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು, ಜೂನ್‌ವರೆಗೆ ಟ್ಯೂಷನ್ ಇಲ್ಲ. ಆದರೂ ನಾನು ಆಗಲ್ಲ ಅಂದೆ. ಜೆ.ಪಿ. ನಗರದಲ್ಲಿರುವ ನನ್ನ ತಮ್ಮನಿಗೆ ಅವರೇ ಫೋನ್ ಮಾಡಿದರು. ಆ ಭಾನುವಾರ ಅವನು ನಮ್ಮ ಮನೆಗೆ ಬಂದ.

"ಹೋಗಿ ಬಾ ಅಕ್ಕ," ಅಂದ. "ಹದಿನೆಂಟು ದಿನ ತಾನೆ? ಅಣ್ಣ ನಮ್ಮನೇಲಿ ಇರ್ತಾನೆ. ನಾವಿದೀವಲ್ಲ."

"ಅವನು ಬೇರೆ ಕಡೆ ಮಲಗಿದ್ದೇ ಇಲ್ಲ ಕಣೋ."

"ಅಭ್ಯಾಸ ಆಗುತ್ತೆ. ನಾಳೆ ನಿನಗೆ ಹುಷಾರಿಲ್ಲ ಅಂದ್ರೆ ಆಗ ಏನ್ ಮಾಡ್ತೀಯ?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಹೊರಡುವ ಹಿಂದಿನ ದಿನ ಅಣ್ಣನನ್ನು ಆಟೋದಲ್ಲಿ ಜೆ.ಪಿ. ನಗರಕ್ಕೆ ಕರೆದುಕೊಂಡು ಹೋದೆ. ಅವನ ದಿಂಬು, ತಟ್ಟೆ, ಲೋಟ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡಿದ್ದೆ. "ನಾನು ಕಾರಲ್ಲಿ ದೂರ ಹೋಗಿ ಬರ್ತೀನಿ ಅಣ್ಣ," ಎಂದೆ. "ಹಾರ್ನ್ ಹೊಡೀತೀಯಾ?" ಅಂತ ಕೇಳಿದ. "ಬಂದಾಗ ಕೆಳಗಿಂದ ಹಾರ್ನ್ ಹೊಡೀತೀನಿ, ಆಗ ನೀನು ಬಾಲ್ಕನಿಯಿಂದ ನೋಡು," ಅಂದೆ. ಏನೋ ಹೇಳಬೇಕಲ್ಲ ಅಂತ ಹೇಳಿದ ಮಾತು.

ಎರಡನೆಯ ದಿನ ಸೋಲಾಪುರದ ಆಚೆ ಒಂದು ಢಾಬಾದಿಂದ ವಿಡಿಯೋ ಕಾಲ್ ಮಾಡಿದೆ. ಅಣ್ಣ ಫೋನ್ ಕೈಗೆ ತೆಗೆದುಕೊಂಡು ತಿರುಗಿಸಿ ಅದರ ಹಿಂದೆ ನೋಡಿದ. ಆಮೇಲೆ ಅಳೋಕೆ ಶುರು ಮಾಡಿದ. ಆ ದಿನ ಊಟ ಮಾಡಲಿಲ್ಲವಂತೆ. "ಸ್ವಲ್ಪ ದಿನ ಫೋನ್ ಮಾಡ್ಬೇಡ ಅಕ್ಕ," ಎಂದ ತಮ್ಮ. "ಮುಖ ನೋಡಿದ್ರೆ ನೆನಪಾಗುತ್ತೆ. ನೋಡದಿದ್ರೆ ಆರಾಮಾಗಿರ್ತಾನೆ. ನಾನೇ ದಿನಾ ಮೆಸೇಜ್ ಹಾಕ್ತೀನಿ." ಸರಿ ಅಂದೆ. ಫೋನ್ ಇಟ್ಟ ಮೇಲೆ ನನ್ನ ಎದೆ ಹಗುರವಾಯಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆ ಪ್ರಯಾಣದ ಬಗ್ಗೆ ಸುಳ್ಳು ಹೇಳಲಾರೆ. ನಾನು ಅಷ್ಟು ಸಂತೋಷವಾಗಿ ಇದ್ದದ್ದು ಯಾವತ್ತೂ ಇಲ್ಲ. ಬೆಳಿಗ್ಗೆ ಎದ್ದು ನನ್ನ ಹಲ್ಲು ಮಾತ್ರ ಉಜ್ಜಿಕೊಳ್ಳುತ್ತಿದ್ದೆ, ನನ್ನ ತಲೆ ಮಾತ್ರ ಬಾಚಿಕೊಳ್ಳುತ್ತಿದ್ದೆ. ಬಿಸಿ ಇರುವಾಗಲೇ ಊಟ ಮಾಡುತ್ತಿದ್ದೆ. ರಾಜಸ್ಥಾನದ ನೇರ ರಸ್ತೆಯಲ್ಲಿ ಎರಡು ಗಂಟೆ ಒಂದೇ ಸಮನೆ ಕಾರು ಓಡಿಸಿದೆ, ಇಬ್ಬರು ಗೆಳತಿಯರೂ ಹಿಂದೆ ನಿದ್ದೆ ಹೋಗಿದ್ದರು. ಆ ಎರಡು ಗಂಟೆಯಲ್ಲಿ ನನಗೆ ಯಾರ ನೆನಪೂ ಬರಲಿಲ್ಲ. ಕಿನ್ನೌರದ ಒಂದು ಹಳ್ಳಿಯಲ್ಲಿ ಮರದ ಮನೆಯೊಂದರಲ್ಲಿ ಉಳಿದುಕೊಂಡೆವು. ಕೆಳಗೆ ನದಿ, ಎದುರಿಗೆ ಹಿಮದ ಬೆಟ್ಟ, ಸುತ್ತ ಸೇಬಿನ ತೋಟ. ಮನೆಯ ಯಜಮಾನಿ ಬೆಳಿಗ್ಗೆ ಚಹಾ ತಂದು ಕೈಗೆ ಕೊಡುತ್ತಿದ್ದಳು. ಯಾರೋ ನನ್ನ ಕೈಗೆ ಚಹಾ ಕೊಡುವುದು, ಅದನ್ನು ನಾನು ಕೂತಲ್ಲೇ ಕುಡಿಯುವುದು! ಇಷ್ಟು ಸಣ್ಣ ವಿಷಯಕ್ಕೆ ನನ್ನ ಕಣ್ಣು ತುಂಬಿತು.

ಅಲ್ಲಿಂದ ಇಳಿಯಬೇಕಾದ ದಿನ ರಸ್ತೆಗೆ ಗುಡ್ಡ ಕುಸಿಯಿತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ರಸ್ತೆ ತೆರೆದರು. ಹೊರಡೋಣ ಎಂದು ಗೆಳತಿಯರು ಬ್ಯಾಗು ಕಟ್ಟಿದರು. "ಇನ್ನು ಮೂರು ದಿನ ಇರೋಣ್ವಾ?" ಎಂದು ಕೇಳಿದ್ದು ನಾನು. ಇಬ್ಬರೂ ನನ್ನ ಮುಖ ನೋಡಿದರು. ಬ್ಯಾಂಕಿನ ಗೆಳತಿ, "ನೀನೇ ಕೇಳ್ತಿದೀಯ ಅಂದ್ಮೇಲೆ ಇರೋಣ ಬಿಡು," ಅಂದಳು. ತಮ್ಮನಿಗೆ ಮೆಸೇಜ್ ಹಾಕಿದೆ: ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆ, ನಾಲ್ಕು ದಿನ ತಡ. ಅವನು, "ಪರವಾಗಿಲ್ಲ, ಹುಷಾರಾಗಿ ಬಾ," ಎಂದು ಬರೆದ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಬೆಂಗಳೂರು ಮುಟ್ಟಿದೆವು. ಗಿರಿನಗರದ ಕಡೆಯಿಂದ ಬಂದು ನನ್ನನ್ನು ಮನೆಯ ಮುಂದೆ ಇಳಿಸಿ ಗೆಳತಿಯರು ಹೋದರು. ಬೀಗ ತೆಗೆದು ಒಳಗೆ ಹೋದರೆ ಮುಚ್ಚಿಟ್ಟ ಮನೆಯ ವಾಸನೆ. ಕಿಟಕಿ ತೆಗೆದು ತಮ್ಮನಿಗೆ ಫೋನ್ ಮಾಡಿದೆ.

"ಬಂದೆ ಕಣೋ. ಸ್ನಾನ ಮಾಡಿ ಬರ್ತೀನಿ, ಅಣ್ಣನ್ನ ರೆಡಿ ಮಾಡಿರು."



"ಅಕ್ಕ, ಸ್ನಾನ ಮಾಡು. ಏನಾದ್ರೂ ತಿನ್ನು. ಆಮೇಲೆ ಬಾ. ಮನೆಗಲ್ಲ, ಆಸ್ಪತ್ರೆಗೆ."

ನಾನು ಸ್ನಾನ ಮಾಡಲಿಲ್ಲ. ಅದೇ ಬಟ್ಟೆಯಲ್ಲಿ ಹೋದೆ. ಆಸ್ಪತ್ರೆಯ ವರಾಂಡದಲ್ಲಿ ತಮ್ಮನೂ ಅವನ ಹೆಂಡತಿಯೂ ನಿಂತಿದ್ದರು. ಅವಳು ನನ್ನ ಕೈ ಹಿಡಿದುಕೊಂಡು ಎಲ್ಲ ಹೇಳಿದಳು. ನಾನು ಮೊದಲು ಹೇಳಿದ್ದ ಹದಿನೆಂಟನೆಯ ದಿನ ಅಣ್ಣ ಬೆಳಿಗ್ಗೆಯಿಂದ ಬಾಲ್ಕನಿಯಲ್ಲಿ ನಿಂತಿದ್ದನಂತೆ. ದಿನ ಲೆಕ್ಕ ಹಾಕಲು ಅವನಿಗೆ ಬರುತ್ತಿರಲಿಲ್ಲ. ಪಾಪ, ಅವಳೇ ಅವನನ್ನು ಸಮಾಧಾನ ಮಾಡಲು ದಿನಾ ಬೆರಳು ಮಡಚಿ ತೋರಿಸುತ್ತಿದ್ದಳು. ಆಮೇಲೆ ನಾಲ್ಕು ದಿನ ತಡ ಎಂದದ್ದು ಅವನ ತಲೆಗೆ ಹೋಗಿರಲಿಲ್ಲ. ಮಾರನೆಯ ದಿನ ಸಂಜೆ ಕೆಳಗೆ ಯಾರದೋ ಕಾರು ಹಾರ್ನ್ ಹೊಡೆಯಿತು. ಇವಳು ಅಡಿಗೆಮನೆಯಲ್ಲಿದ್ದಳು. ಅಣ್ಣ ಬಾಗಿಲು ತೆಗೆದುಕೊಂಡು ಓಡಿದ. ಮೂರನೆಯ ಮಹಡಿ. ಮೆಟ್ಟಿಲಿನ ಎರಡನೆಯ ತಿರುವಿನಲ್ಲಿ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು. ಅದರ ಮಾರನೆಯ ದಿನ ಆಪರೇಷನ್ ಮಾಡಿದ್ದರು.

"ನಿಮಗೆ ಹೇಳ್ಬೇಕು ಅಂದೆ ಅಕ್ಕ," ಎಂದಳು. "ಇವರು, ಅಕ್ಕ ಕಾರ್ ಓಡಿಸ್ತಿದಾಳೆ, ಗೊತ್ತಾದ್ರೆ ಆತುರದಲ್ಲಿ ಏನಾದ್ರೂ ಮಾಡ್ಕೋತಾಳೆ ಅಂದ್ರು."

ತಮ್ಮ ಗೋಡೆಗೆ ಒರಗಿ ನಿಂತಿದ್ದ. "ಬಾಗಿಲಿಗೆ ಬೋಲ್ಟ್ ಹಾಕ್ಬೇಕಿತ್ತು," ಎಂದ. "ನನ್ನದೇ ತಪ್ಪು."

ಅಲ್ಲ ಎಂದು ಹೇಳಲು ನನಗೆ ಅದೇ ಸಮಯವಾಗಿತ್ತು. ರಸ್ತೆ ಒಂದೇ ದಿನದಲ್ಲಿ ತೆರೆದಿತ್ತು, ಮಿಕ್ಕ ಮೂರು ದಿನ ನನ್ನ ಆಸೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವನ ಭುಜ ಮುಟ್ಟಿ ಒಳಗೆ ಹೋದೆ.

ಅಣ್ಣ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಡ್ರಿಪ್ ಕೀಳದ ಹಾಗೆ ಕೈಗಳಿಗೆ ಬಟ್ಟೆ ಸುತ್ತಿದ್ದರು. ಗಡ್ಡ ಬೆಳೆದಿತ್ತು, ಅದು ಪೂರ್ತಿ ಬೆಳ್ಳಗಿತ್ತು. ಅವನಿಗೆ ಯಾವತ್ತೂ ನಾನೇ ಶೇವ್ ಮಾಡುತ್ತಿದ್ದದ್ದು, ಅಷ್ಟು ನರೆತಿದೆ ಎಂದು ಗೊತ್ತೇ ಇರಲಿಲ್ಲ. "ಅಣ್ಣ," ಅಂದೆ. ಅವನು ನನ್ನ ಕಡೆ ತಿರುಗಿ ಸುಮಾರು ಹೊತ್ತು ನೋಡಿದ.

"ಸಿಸ್ಟರ್, ನೀರು ಕೊಡಿ," ಅಂದ.

ಪಕ್ಕದಲ್ಲಿದ್ದ ನರ್ಸ್ ನಕ್ಕಳು. "ಏನಾದ್ರೂ ಬೇಕಾದ್ರೆ ಸಿಸ್ಟರ್ ಅಂತ ಕರೀಬೇಕು ಅಂತ ನಾನೇ ಹೇಳ್ಕೊಟ್ಟಿದ್ದು ಮೇಡಂ. ಈಗ ಎಲ್ರನ್ನೂ ಹಾಗೇ ಕರೀತಾರೆ." ನಾನೂ ನಕ್ಕೆ. ನೀರು ಕುಡಿಸಿದೆ. ಐವತ್ತು ವರ್ಷದಲ್ಲಿ ಅವನು ನನಗೆ ಕೊಡಿ ಎಂದದ್ದಿಲ್ಲ. ಕೊಡೇ, ಬಾರೇ, ಹೋಗೇ, ಅಷ್ಟೇ. ಮದ್ದಿನ ಮಂಪರು, ಮನೆಗೆ ಹೋದರೆ ಸರಿಹೋಗುತ್ತದೆ ಎಂದುಕೊಂಡೆ. ಡಾಕ್ಟರೂ ಹಾಗೇ ಹೇಳಿದರು: ಇಂಥವರಿಗೆ ಆಪರೇಷನ್ ಆದಮೇಲೆ ಗೊಂದಲವಾಗುವುದುಂಟು, ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಹಾಗೇ ಉಳಿದುಬಿಡುತ್ತದೆ.

ಉಳಿದುಬಿಟ್ಟಿತು.

ಮನೆಗೆ ಕರೆತಂದು ಟ್ಯೂಷನ್ ಕೋಣೆಯಲ್ಲೇ ಮಂಚ ಹಾಕಿಸಿದೆ, ಆ ವರ್ಷ ಟ್ಯೂಷನ್ ನಿಲ್ಲಿಸಿದೆ. ಮನೆಯ ಗುರುತು ಅವನಿಗಿತ್ತು. ಗೋಡೆಯ ಮೇಲಿದ್ದ ಅಮ್ಮನ ಫೋಟೋ ನೋಡಿ ಅಮ್ಮ ಎಂದ. ತಮ್ಮನ ಹೆಸರು ಹೇಳಿದ. ಅಕ್ಕಪಕ್ಕದವರನ್ನೂ ಗುರುತಿಸಿದ. ನನ್ನೊಬ್ಬಳನ್ನು ಮಾತ್ರ ಸಿಸ್ಟರ್ ಎನ್ನುತ್ತಿದ್ದ. ಮನೆಗೆ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ತಿಳಿಸಾರು ಅನ್ನ ಕಲಸಿ ತಿನ್ನಿಸುತ್ತಿದ್ದಾಗ ಕೇಳಿದ:

"ಸಿಸ್ಟರ್, ಪುಟ್ಟಿ ಯಾವಾಗ ಬರ್ತಾಳೆ?"

"ನಾನೇ ಪುಟ್ಟಿ ಅಣ್ಣ. ಬಂದಿದೀನಿ ನೋಡು."

ಅವನು ತಲೆ ಅಲ್ಲಾಡಿಸಿದ. "ಪುಟ್ಟಿ ಕಾರಲ್ಲಿ ಹೋಗಿದಾಳೆ."

"ಹೋಗಿದ್ದೆ. ಈಗ ಬಂದಿದೀನಿ."

"ಅಲ್ಲ, ಅಲ್ಲ," ಎಂದು ಅಳಲು ಶುರು ಮಾಡಿದ. ತಟ್ಟೆ ತಳ್ಳಿಬಿಟ್ಟ. ನಾನು ಬಿಡಲಿಲ್ಲ. ಹಳೇ ಫೋಟೋ ತಂದು ತೋರಿಸಿದೆ, ಅಮ್ಮ ಹಾಡುತ್ತಿದ್ದ ಲಾಲಿ ಹೇಳಿದೆ, ಅವನ ಕೈ ಎತ್ತಿ ನನ್ನ ಕೆನ್ನೆ ಮೇಲೆ ಇಟ್ಟುಕೊಂಡೆ. ಅವನು ಹೆದರಿ ಕೈ ಎಳೆದುಕೊಂಡ. ಗುರುತಿಲ್ಲದ ಹೆಂಗಸು ಹಾಗೆ ಮಾಡಿದರೆ ಯಾರಾದರೂ ಹೆದರುತ್ತಾರೆ. ಹತ್ತು ಹನ್ನೆರಡು ದಿನ ಹೀಗೇ ನಡೆಯಿತು. ಪ್ರತಿ ಸಲ ಅವನು ಅತ್ತ, ಊಟ ಬಿಟ್ಟ. ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು ಒಂದು ದಿನ ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ಮಿಸ್, ಬಿಟ್ಟುಬಿಡಿ. ನಿಮಗೋಸ್ಕರ ಅವರನ್ನ ಅಳಿಸ್ತಿದೀರಿ."

ಅವತ್ತು ಸಂಜೆ ಅವನು ಮತ್ತೆ ಕೇಳಿದಾಗ, "ಬರ್ತಾಳೆ. ದೂರ ಹೋಗಿದಾಳಲ್ಲ, ಟೈಮ್ ಆಗುತ್ತೆ," ಅಂದೆ. ಅವನ ಮುಖ ಸಡಿಲವಾಯಿತು. "ಹೂಂ, ದೂರ," ಎಂದು ಊಟ ಮಾಡಿದ. ಪೂರ್ತಿ ತಟ್ಟೆ ಮುಗಿಸಿದ. ನಾನು ತಟ್ಟೆ ತೊಳೆಯಲು ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲಿನ ತಿಂಗಳುಗಳಲ್ಲಿ ಅವನಿಗೆ ಬೇಕಾದದ್ದೆಲ್ಲ ಸಿಸ್ಟರ್ ಮಾಡಿದಳು. ಬೆನ್ನಿಗೆ ಹುಣ್ಣಾಗದ ಹಾಗೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಡೈಪರ್ ಬದಲಾಯಿಸುವುದು, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಊಟ ಮಾಡಿಸುವುದು, ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ಹಾಕಿಸುವುದು. ಅವನು ನಡೆಯಲಿಲ್ಲ. ನಿಲ್ಲುತ್ತಿದ್ದ, ನಡುಗುತ್ತಿದ್ದ, ಕೂತುಬಿಡುತ್ತಿದ್ದ. ಸಿಸ್ಟರ್ ಬಗ್ಗೆ ಅವನಿಗೆ ಮರ್ಯಾದೆಯಿತ್ತು. ಹೇಳಿದ್ದು ಕೇಳುತ್ತಿದ್ದ, ಥ್ಯಾಂಕ್ಸ್ ಎನ್ನುತ್ತಿದ್ದ. ಥ್ಯಾಂಕ್ಸ್ ಹೇಳುವುದನ್ನೂ ಆಸ್ಪತ್ರೆಯಲ್ಲೇ ಕಲಿತದ್ದು. ನನ್ನ ಜೊತೆ ಹಟ ಮಾಡುತ್ತಿದ್ದವನು, ಕೂದಲು ಎಳೆಯುತ್ತಿದ್ದವನು, ಹಪ್ಪಳ ಕದ್ದು ತಿನ್ನುತ್ತಿದ್ದವನು ಈ ಹೆಂಗಸಿನ ಮುಂದೆ ಕೈ ಕಟ್ಟಿ ಕೂತ ಮಗುವಿನ ಹಾಗೆ ಇದ್ದ. ಒಂದು ಸಲ ಅವನು ಹಟ ಮಾಡಲಿ ಎಂದು ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಕೊಟ್ಟೆ. ಸುಮ್ಮನೆ ತಿಂದು ಥ್ಯಾಂಕ್ಸ್ ಎಂದ.

ಪುಟ್ಟಿ ಎಲ್ಲಿದಾಳೆ ಎಂದು ಅವನು ಕೇಳಿದಾಗಲೆಲ್ಲ ನಾನು ನೋಡಿದ ಊರುಗಳನ್ನು ಒಂದೊಂದಾಗಿ ಹೇಳತೊಡಗಿದೆ. "ಈಗ ಪುಟ್ಟಿ ಒಂಟೆ ಇರೋ ಊರಲ್ಲಿದಾಳೆ. ರಸ್ತೆ ಮಧ್ಯ ಒಂಟೆ ನಿಂತುಬಿಟ್ಟಿದೆ, ಹಾರ್ನ್ ಹೊಡೆದ್ರೂ ಹೋಗ್ತಿಲ್ಲ."

"ಆಮೇಲೆ?"

"ಆಮೇಲೆ ಒಬ್ಬ ತಾತ ಬಂದು ಒಂಟೆನ ಕರ್ಕೊಂಡ್ಹೋದ."

ಇನ್ನೊಂದು ದಿನ ಹಿಮ. ಬೆಟ್ಟದ ಮೇಲೆ ಮೊಸರನ್ನ ಸುರಿದ ಹಾಗಿದೆ ಎಂದರೆ ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಪುಟ್ಟಿಗೆ ಚಳಿ ಆಗಲ್ವಾ ಎಂದು ಕೇಳಿದ. ಸ್ವೆಟರ್ ಹಾಕ್ಕೊಂಡಿದಾಳೆ ಅಂದೆ. ಅವನು ಅವಳ ವಿಷಯ ಕೇಳುವಾಗ ಅವನ ಮುಖದಲ್ಲಿ ಇರುತ್ತಿದ್ದ ಪ್ರೀತಿಯನ್ನು ನಾನು ಮೊದಲು ಕಂಡಿರಲಿಲ್ಲ. ಜೊತೆಗಿದ್ದಾಗ ಅದು ಕಾಣುವುದಿಲ್ಲ. ಎದುರಿಗೆ ಕೂತು, ಅದನ್ನು ಬೇರೆ ಯಾರಿಗೋ ಸೇರಬೇಕಾದದ್ದು ಎನ್ನುವ ಹಾಗೆ ನೋಡುತ್ತಿದ್ದೆ.

ತಮ್ಮ ಪ್ರತಿ ಭಾನುವಾರ ಬರುತ್ತಿದ್ದ. ಅಣ್ಣನಿಗೆ ಸ್ನಾನ ಮಾಡಿಸಲು ಇಬ್ಬರು ಬೇಕಾಗುತ್ತಿತ್ತು. ಅವನು ಬಂದಾಗಲೆಲ್ಲ ಬೋಲ್ಟಿನ ವಿಷಯ ಒಂದು ಸಲವಾದರೂ ಎತ್ತುತ್ತಿದ್ದ. ಅಕ್ಟೋಬರಿನ ಒಂದು ಭಾನುವಾರ ಸ್ನಾನ ಮಾಡಿಸಿ, ಅಣ್ಣನನ್ನು ಮಲಗಿಸಿ, ಹಿಂದಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಾಫಿ ಕುಡಿಯುತ್ತಿದ್ದೆವು. ಅವನು ಮತ್ತೆ ಅದೇ ಮಾತು ತೆಗೆದ. ನನಗೆ ಕೇಳಲಾಗಲಿಲ್ಲ.

"ರಸ್ತೆ ಒಂದೇ ದಿನ ಬಂದ್ ಆಗಿದ್ದು," ಅಂದೆ. "ಮಿಕ್ಕ ಮೂರು ದಿನ ನಾನೇ ಇರೋಣ ಅಂದೆ. ನನಗೆ ವಾಪಸ್ ಬರೋಕೆ ಇಷ್ಟ ಇರ್ಲಿಲ್ಲ."

ಅವನು ಲೋಟ ಕೆಳಗಿಟ್ಟ. ನನ್ನ ಕಡೆ ನೋಡಲಿಲ್ಲ.

"ನನಗೆ ಹೇಳಿದ್ರೆ ನಾನು ಬೇಡ ಅಂತಿದ್ನಾ ಅಕ್ಕ?" ಎಂದ. "ಮೂರು ದಿನ ಲೇಟು ಅಂದಿದ್ರೆ ಸಾಕಿತ್ತು. ಗುಡ್ಡ ಕುಸಿದಿದೆ ಅಂದೆ. ನಾವಿಬ್ರೂ ಟೀವಿ ಹಾಕ್ಕೊಂಡು ಕೂತಿದ್ವಿ, ನಿನಗೇನಾಯ್ತೋ ಅಂತ. ಅಣ್ಣ ಅದನ್ನೆಲ್ಲ ನೋಡ್ತಿದ್ದ."

ಇದು ನನಗೆ ಗೊತ್ತಿರಲಿಲ್ಲ. ಬೆಟ್ಟ ಉರುಳುವುದು, ಕಾರು ನಜ್ಜುಗುಜ್ಜಾಗುವುದು, ಅದನ್ನೇ ಟೀವಿಯವರು ಮತ್ತೆ ಮತ್ತೆ ತೋರಿಸಿದ್ದರಂತೆ. ಅಣ್ಣ ಅದರಿಂದ ಏನು ತಿಳಿದುಕೊಂಡನೋ ಈಗ ಯಾರೂ ಹೇಳಲಾರರು.

ಮುಂದಿನ ಎರಡು ಭಾನುವಾರ ತಮ್ಮ ಬರಲಿಲ್ಲ. ಅವನ ಹೆಂಡತಿಯೇ ಬಂದು ನನ್ನ ಜೊತೆ ಸೇರಿ ಸ್ನಾನ ಮಾಡಿಸಿದಳು, ಏನೂ ಕೇಳಲಿಲ್ಲ. ಮೂರನೆಯ ಭಾನುವಾರ ಅವನೇ ಬಂದ. ಏಲಕ್ಕಿ ಬಾಳೆಹಣ್ಣು ತಂದಿದ್ದ. ಪ್ಯಾಂಟು ಮಡಚಿಕೊಂಡು, "ನೀರು ಕಾದಿದ್ಯಾ?" ಎಂದು ಕೇಳಿದ. ಆ ಮಾತನ್ನು ನಾವು ಮತ್ತೆ ಆಡಲಿಲ್ಲ. ಅವನು ಬೋಲ್ಟಿನ ವಿಷಯವನ್ನೂ ಎತ್ತಲಿಲ್ಲ.

ನವೆಂಬರಿನಲ್ಲಿ ಒಂದು ಮಧ್ಯಾಹ್ನ. ನಾನು ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಅವನ ಮಾತ್ರೆ ತೆಗೆದುಕೊಂಡು ಕೋಣೆಗೆ ಬಂದೆ. ಮೋಡ ಮುಚ್ಚಿಕೊಂಡಿತ್ತು. ಅಣ್ಣ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಪುಟ್ಟಿ, ತಲೆ ಒರೆಸ್ಕೊಳೇ. ನೆಗಡಿ ಆಗುತ್ತೆ."

ನಾನು ನಿಂತಲ್ಲೇ ನಿಂತೆ. ಮಾತಾಡಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು ಭಯ.

"ಒರೆಸ್ಕೊತೀನಿ ಅಣ್ಣ," ಎಂದೆ.

"ಹೂಂ," ಅಂದು ಕಿಟಕಿಯ ಕಡೆ ತಿರುಗಿದ. ಟವೆಲ್ ತಂದು ಅವನ ಎದುರಿಗೇ ಕೂತು ತಲೆ ಒರೆಸಿಕೊಂಡೆ. ಕೂದಲೆಲ್ಲ ಒಣಗಿದ ಮೇಲೂ ಒರೆಸುತ್ತಲೇ ಇದ್ದೆ. ಅವನು ಇನ್ನೇನೂ ಹೇಳಲಿಲ್ಲ. ಸಂಜೆಯಾಯಿತು. "ಸಿಸ್ಟರ್, ಲೈಟ್ ಹಾಕಿ," ಅಂದ. ಎದ್ದು ಲೈಟ್ ಹಾಕಿದೆ.

ಡಿಸೆಂಬರಿನಲ್ಲಿ ಅವನ ಎದೆಯಲ್ಲಿ ಕಫ ಕಟ್ಟಿತು. ಮಲಗೇ ಇರುವವರಿಗೆ ಅದು ಬರುತ್ತದೆಂದು ಮೊದಲೇ ಹೇಳಿದ್ದರು. ಅದೇ ಆಸ್ಪತ್ರೆಗೆ ಸೇರಿಸಿದೆವು, ನಾಲ್ಕು ದಿನ ಇದ್ದ. ಮೂರನೆಯ ದಿನ ಆಕ್ಸಿಜನ್ ಮಾಸ್ಕ್ ಸರಿಸಿ ಅಲ್ಲಿನ ನರ್ಸನ್ನು ಏನೋ ಕೇಳಿದ. ಅವಳು ಬಗ್ಗಿ ಕೇಳಿಸಿಕೊಂಡು ನನ್ನ ಕಡೆ ಬೆರಳು ತೋರಿಸಿದಳು. "ಪುಟ್ಟಿನಾ? ನಿಮ್ಮ ತಂಗಿ ಇಲ್ಲೇ ಇದಾರಲ್ಲ ಅಂಕಲ್." ಅವನು ನನ್ನನ್ನು ನೋಡಿದ. ಹೊರಗಿನವರು ಮನೆಗೆ ಬಂದರೆ ನಗುವ ಹಾಗೆ, ಸಂಕೋಚದಿಂದ ಸ್ವಲ್ಪ ನಕ್ಕ. ಮಾರನೆಯ ದಿನ ಬೆಳಿಗ್ಗೆ ಹೋದ. ಆಗ ನಾನೂ ತಮ್ಮನೂ ಪಕ್ಕದಲ್ಲೇ ಇದ್ದೆವು. ಬನಶಂಕರಿಯ ಚಿತಾಗಾರದಲ್ಲಿ ಎಲ್ಲ ಮುಗಿಸಿ ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ.

ಜೂನ್‌ನಲ್ಲಿ ಟ್ಯೂಷನ್ ಮತ್ತೆ ಶುರು ಮಾಡಿದೆ. ಗೆಳತಿಯರು ಈ ಸಲ ಈಶಾನ್ಯದ ಕಡೆ ಎನ್ನುತ್ತಿದ್ದಾರೆ. ಎಷ್ಟು ದಿನವಾದರೂ ಹೋಗಬಹುದು, ಯಾರಿಗೂ ಮೆಸೇಜ್ ಹಾಕಬೇಕಿಲ್ಲ. ನೋಡೋಣ ಅಂದಿದ್ದೇನೆ.

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ತರಕಾರಿ ತೆಗೆದುಕೊಳ್ಳುತ್ತಾ ಗಡಿಯಾರ ನೋಡಿದರೆ ಹನ್ನೆರಡೂವರೆ. ಅರ್ಧಕ್ಕೇ ಬಿಟ್ಟು ಓಡಿಬಂದು ಆಟೋ ಹತ್ತಿದೆ. "ಸ್ವಲ್ಪ ಬೇಗ ಹೋಗಿ ಅಣ್ಣ," ಅಂದೆ. ಅವರೂ ಪಾಪ ಸಂದಿಗೊಂದಿಯಲ್ಲಿ ನುಗ್ಗಿಸಿದರು. ಬನಶಂಕರಿ ದಾಟಿದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ, "ಮನೇಲಿ ಏನಾದ್ರೂ ಎಮರ್ಜೆನ್ಸಿನಾ ಮೇಡಂ?" ಎಂದು ಕನ್ನಡಿಯಲ್ಲಿ ನೋಡುತ್ತಾ ಕೇಳಿದರು.

"ಇಲ್ಲ," ಎಂದೆ. "ನಿಧಾನಕ್ಕೇ ಹೋಗಿ."